ಎಂಟು ಮೂಟೆ ಸಮುದ್ರ

"ನೀರಿಗೆ ಕಾಲಿಟ್ಟೀರಾ, ಜೋಕೆ! ಒಂದು ಬೆರಳು ತಾಗಿಸಿದ್ರೂ ನಾನು ಸುಮ್ನಿರಲ್ಲ!"

ಬೆಳ್ಳಂಬೆಳಗ್ಗೆ, ತನ್ನದೇ ಈಜುಶಾಲೆಯಲ್ಲಿ, ತನ್ನದೇ ನೀರಿನ ಮುಂದೆ ನಿಂತ ಮನುಷ್ಯನಿಗೆ ಇಂಥ ಸ್ವಾಗತ ಸಿಕ್ಕರೆ ಹೇಗಾಗಬೇಡ! ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದಿದ್ದ ರೇವಂತ್, ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಇಟ್ಟುಕೊಂಡು ನಿಂತುಬಿಟ್ಟ.

ಕತ್ರಿಗುಪ್ಪೆಯ ಆ ಈಜುಶಾಲೆಯನ್ನು ಕಟ್ಟಿಸಿದವರು ಅವನ ತಂದೆ ಕೊಟ್ರಪ್ಪ. ಅವರು ತೀರಿಕೊಂಡ ಮೇಲೆ ಮಕ್ಕಳಿಗೆ ಈಜು ಕಲಿಸುವುದು ಮಗನ ಪಾಲಿಗೆ, ಗೇಟಿನ ಬಳಿ ಕುಳಿತು ಬಂದವರ ಯೋಗಕ್ಷೇಮ ವಿಚಾರಿಸುವುದು ತಾಯಿ ಉಮಾಮಹೇಶ್ವರಿಯವರ ಪಾಲಿಗೆ ಬಂದಿತ್ತು. ದೊಡ್ಡ ಕೊಳದ ಹಿಂದೆ ತಗಡಿನ ಚಾವಣಿಯ ಕೆಳಗೆ ಎಳೆಯ ಮಕ್ಕಳಿಗೆಂದು ಕಟ್ಟಿಸಿದ ಉದ್ದನೆಯ, ಅಗಲ ಕಡಿಮೆಯ ಒಂದು ತೊಟ್ಟಿಯೂ ಇತ್ತು.

ಈಗ ಆ ತೊಟ್ಟಿಗೆ ಅಡ್ಡಲಾಗಿ ಒಂದು ಹಲಗೆ. ಹಲಗೆಯ ಮೇಲೆ ಬೋರಲಾಗಿ ಮಲಗಿದ ಒಬ್ಬಳು ಹುಡುಗಿ. ಅವಳ ಮೂಗಿನ ಕೆಳಗೆ ನೀರಿನಲ್ಲಿ ಕುಂಬಳಕಾಯಿ ಗಾತ್ರದ ಹಳದಿ ಗುಂಡು!

"ಮೇಡಂ, ಇದು ನಮ್ಮ ತೊಟ್ಟಿ…"

"ಇರಬಹುದು. ಮಾತಾಡ್ಬೇಡಿ! ನೀರು ಅಲುಗಾಡದೆ ನಿಲ್ಲಲಿ ಅಂತ ಆಗಿಂದ ಕಾಯ್ತಿದೀನಿ."

'ಯಾರೋ ತಲೆಕೆಟ್ಟೋಳು' ಎಂದುಕೊಂಡ ರೇವಂತ್ ಕಾಲನ್ನು ಹಿಂದಕ್ಕಿಟ್ಟ. ಆದರೆ ಕೈ ಸುಮ್ಮನಿರಬೇಕಲ್ಲ! ಪ್ರತಿದಿನದ ಅಭ್ಯಾಸದಂತೆ ಅದು ಗೋಡೆಯ ಮೇಲಿದ್ದ ಪಂಪಿನ ಸ್ವಿಚ್ ಒತ್ತಿಬಿಟ್ಟಿತು.

ಗುಳಗುಳ ಎಂದು ನೀರು ನುಗ್ಗಿತು. ಹಳದಿ ಗುಂಡು ಕುಣಿಯತೊಡಗಿತು. ಹುಡುಗಿ "ಅಯ್ಯೋ ನಿಮ್ಮ!" ಎಂದು ಎದ್ದು ನಿಂತಳು. ಹಲಗೆ ಮಗುಚಿತು. ದೊಪ್ಪನೆ ಬಿದ್ದವಳು ತೊಡೆಮಟ್ಟದ ನೀರಿನಲ್ಲಿ ಎದ್ದು ನಿಂತಾಗ ಅವಳ ಕಣ್ಣುಗಳನ್ನು ನೋಡಿದ ರೇವಂತನಿಗೆ, ತಾನು ಇವತ್ತು ಬದುಕಿ ಉಳಿಯುವುದು ಅನುಮಾನ ಅನ್ನಿಸಿತು. ಜೊತೆಗೆ, ಆ ಕಣ್ಣುಗಳು ತುಂಬ ಚೆನ್ನಾಗಿವೆ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವನಿಗೇ ಸಿಟ್ಟು ಬಂತು.

"ಕೈ ಕೊಡಿ…"

"ಏನೂ ಬೇಡ!"

ಗದ್ದಲ ಕೇಳಿ ಕಾಫಿ ಲೋಟ ಹಿಡಿದುಕೊಂಡೇ ಬಂದರು ಉಮಾಮಹೇಶ್ವರಿ.

"ಬಂದ್ಯೇನಪ್ಪ? ಇವಳು ಧೃತಿ, ಜಯನಗರದ ಹುಡುಗಿ. ನೀನು ಈಜು ಸ್ಪರ್ಧೆಗೆ ಅಂತ ಮಕ್ಕಳನ್ನ ದಾವಣಗೆರೆಗೆ ಕರ್ಕೊಂಡು ಹೋಗಿದ್ದಾಗ ಬಂದು ಕೇಳಿದ್ಲು. ತೊಟ್ಟಿ ಕೊಟ್ಟೆ."

"ಯಾತಕ್ಕಮ್ಮ?"

"ಸಮುದ್ರದ ಅಲೆಯಿಂದ ಕರೆಂಟ್ ತೆಗೀತಾಳಂತೆ ಕಣೋ."

ರೇವಂತ್ ಅಮ್ಮನ ಮುಖ ನೋಡಿದ, ತೊಟ್ಟಿ ನೋಡಿದ, ಗೋಡೆಯಾಚೆ ಹಾರ್ನ್ ಹೊಡೆಯುತ್ತಿದ್ದ ಕತ್ರಿಗುಪ್ಪೆಯ ಟ್ರಾಫಿಕ್ ಕಡೆಗೂ ಒಮ್ಮೆ ನೋಡಿದ.

"ಬೆಂಗಳೂರಲ್ಲಾ?"

ಈ ಪ್ರಶ್ನೆ ಕೇಳಿ ಕೇಳಿ ಧೃತಿಗೆ ಸಾಕುಸಾಕಾಗಿತ್ತು. ಅಪ್ಪ ಅನಂತರಾಮು ದಿನಾ ಊಟದ ಹೊತ್ತಿಗೆ ಕೇಳುತ್ತಿದ್ದರು. ಪಂಪು ತಯಾರಿಸುವ ಕಂಪನಿಯ ಒಳ್ಳೆಯ ಕೆಲಸ ಬಿಟ್ಟು ಬಂದಾಗ ಸ್ನೇಹಿತರೆಲ್ಲ ಕೇಳಿದ್ದರು. ಆಟೋದವರೂ ಬಿಟ್ಟಿರಲಿಲ್ಲ. ಅವಳು ಒದ್ದೆ ಕೂದಲನ್ನು ಹಿಂಡಿಕೊಳ್ಳುತ್ತಾ ಒಂದೇ ಮಾತು ಹೇಳಿದಳು.

"ಹೌದು, ಬೆಂಗಳೂರಲ್ಲೇ. ಮೊದಲು ಆ ಪಂಪ್ ಆಫ್ ಮಾಡಿ!"

* * *

ಧೃತಿಯ ಯಂತ್ರ ಹೇಳಿದರೆ ಸುಲಭ, ಮಾಡಿದರೆ ತಲೆನೋವು. ತೊಟ್ಟಿಯ ಒಂದು ತುದಿಯಲ್ಲಿ ಮೋಟಾರು ಕಟ್ಟಿದ ಹಲಗೆ ಹಿಂದೆ ಮುಂದೆ ಆಡಿ ಅಲೆ ಎಬ್ಬಿಸುತ್ತದೆ. ಅಲೆಗೆ ಹಳದಿ ಗುಂಡು ಏರಿ ಇಳಿಯುತ್ತದೆ. ಗುಂಡಿಗೆ ಕಟ್ಟಿದ ಹಗ್ಗ ಒಂದು ಪುಟ್ಟ ಜನರೇಟರನ್ನು ತಿರುಗಿಸುತ್ತದೆ. ಕೊನೆಗೆ ದಡದಲ್ಲಿ ಒಂದು ಸಣ್ಣ ದೀಪ ಉರಿಯುತ್ತದೆ. ಉರಿಯಬೇಕು… ಹೆಚ್ಚಿನ ದಿನ ಉರಿಯುತ್ತಿರಲಿಲ್ಲ!

ಒಂದು ದಿನ ಹಗ್ಗ ಜಾರಿತು. ಇನ್ನೊಂದು ದಿನ ಗುಂಡಿನೊಳಗೆ ನೀರು ಹೊಕ್ಕಿತು. ಎಲ್ಲ ಸರಿಯಾದ ದಿನ ಪಕ್ಕದ ದೊಡ್ಡ ಕೊಳದಲ್ಲಿ ಆಂಟಿಯರ ವ್ಯಾಯಾಮದ ಬ್ಯಾಚು. ಅವರೆಲ್ಲ ಒಟ್ಟಿಗೆ ಕುಪ್ಪಳಿಸಿದಾಗ ಗೋಡೆ ನಡುಗಿ, ತೊಟ್ಟಿಯ ನೀರಿನ ಮೇಲೆ ಯಾರಿಗೂ ಬೇಡದ ಅಲೆಗಳು ಮೂಡುತ್ತಿದ್ದವು.

"ರೇವಂತ್! ಅವರಿಗೆ ಸ್ವಲ್ಪ ಮೆತ್ತಗೆ ಹಾರೋಕೆ ಹೇಳ್ತೀರಾ?"

"ನೀವೇ ಹೇಳಿ ಮೇಡಂ. ನನಗೆ ಜೀವದಾಸೆ ಇದೆ."

ಬೈದುಕೊಂಡೇ ಅವನು ಆ ಬ್ಯಾಚನ್ನು ಸಂಜೆಗೆ ಹಾಕಿದ. ಗೊಣಗಿಕೊಂಡೇ ಅವಳ ಹಲಗೆಗೆ ತಿರುಪು ಬಿಗಿದ. 'ಇವನೊಂದು ದಿನ ಬರದಿದ್ದರೆ ಕೆಲಸ ಚೆನ್ನಾಗಿ ಸಾಗುತ್ತದೆ' ಎಂದುಕೊಳ್ಳುತ್ತಿದ್ದ ಧೃತಿ, ಅವನು ನಿಜವಾಗಿಯೂ ಬರದ ದಿನ ಗೇಟಿನ ಕಡೆ ನೋಡಿ ನೋಡಿ ಕತ್ತು ನೋಯಿಸಿಕೊಂಡಳು. ಅದು ಕತ್ತಿನ ನೋವಲ್ಲ ಎಂದು ಅವಳಿಗೆ ಹೇಳುವವರು ಯಾರು?

"ಇಷ್ಟೆಲ್ಲ ಒದ್ದಾಡಿ ಇಷ್ಟೇ ಬೆಳಕಾ?" ಎಂದು ಒಮ್ಮೆ ದೀಪ ನೋಡಿ ಕೇಳಿದ ರೇವಂತ್.

"ಇದು ಮಾದರಿ ಕಣ್ರೀ! ಸಮುದ್ರದಲ್ಲಿ ಇಳಿಸೋ ಗುಂಡು ಇದರ ಹದಿನಾರು ಪಟ್ಟು ದೊಡ್ಡದು. ಆಗ ಸಿಗೋ ಶಕ್ತಿ ಹದಿನಾರು ಪಟ್ಟಲ್ಲ, ಹದಿನಾರು ಸಾವಿರ ಪಟ್ಟು."

ಅವನು ಶಿಳ್ಳೆ ಹಾಕಿದ. "ಸಖತ್! ಹಂಗಾದ್ರೆ ಇನ್ನೇನು ತೊಂದರೆ?"

"ನಿಮ್ಮ ನೀರೇ ತೊಂದರೆ! ಸಮುದ್ರದ್ದು ಉಪ್ಪು ನೀರು, ಸ್ವಲ್ಪ ಭಾರ. ಇದು ಬೋರ್‌ವೆಲ್ ನೀರು. ಪ್ರತಿ ಲೆಕ್ಕ ತಿದ್ದಿ ತಿದ್ದಿ ಸಾಕಾಗಿದೆ. ಈ ತೊಟ್ಟೀಲಿ ಸಮುದ್ರದ ನೀರು ಇದ್ದಿದ್ರೆ… ದೇವರೇ, ನನ್ನ ಜೀವನ ಎಷ್ಟು ಸುಲಭ ಆಗ್ತಿತ್ತು!"

ರೇವಂತ್ ಆ ಮಾತನ್ನು ಕಿವಿಯಲ್ಲಿ ಹಾಕಿಕೊಂಡ. ಸುಮ್ಮನೆ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಈ ಎರಡು ತಂತಿ ಯಾಕೆ ನೀರಲ್ಲಿ ಇಳಿಬಿಟ್ಟಿದೀರಾ?" ಎಂದು ಅವನು ಮತ್ತೆ ಕೇಳಿದ.

ಅವಳು ಹೇಳಬಹುದಿತ್ತು. ಆ ತಂತಿಗಳ ನಡುವೆ ನೀರಿನ ಮೂಲಕ ಹರಿಯುವ ಸಣ್ಣ ಕರೆಂಟನ್ನು ನೋಡಿಯೇ ಅಲೆಯ ಎತ್ತರ ಅಳೆಯುವುದು, ಬೋರ್‌ವೆಲ್ ನೀರಿಗೆ ಸರಿಯಾಗಿ ಅವನ್ನು ಹೊಂದಿಸಿದ್ದೇನೆ ಎಂದು ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಧೃತಿಯ ಸ್ವಭಾವವೇ ಅಂಥದ್ದು. ವಿವರಿಸುವುದೆಂದರೆ ಅವಳಿಗೆ ಬೇಸರ.

"ಬಿಡಿ, ನಿಮಗೆ ಅರ್ಥ ಆಗಲ್ಲ."

ರೇವಂತನ ಮುಖ ಸಣ್ಣದಾಯಿತು. ಅವಳು ನೋಡಲಿಲ್ಲ.

* * *

ಸಮುದ್ರದಲ್ಲಿ ಪರೀಕ್ಷೆಗೆ ಅನುಮತಿ ಕೊಡುವ ಸಂಸ್ಥೆಯಿಂದ ಪದ್ಮಶ್ರೀ ಎಂಬ ಹಿರಿಯ ಎಂಜಿನಿಯರ್ ಬರುವವರಿದ್ದರು. ಈ ಹಿಂದೆ ಒಮ್ಮೆ ಬಂದು, ಗುಂಡಿನೊಳಗೆ ನೀರು ಹೊಕ್ಕಿದ್ದನ್ನು ನೋಡಿ, ತುಟಿ ಬಿಗಿದುಕೊಂಡು ಹೋಗಿದ್ದರು. ಇದು ಕೊನೆಯ ಅವಕಾಶ. ಈ ಸಲ ಕೆಟ್ಟರೆ ಸಮುದ್ರವೂ ಇಲ್ಲ, ಯಂತ್ರವೂ ಇಲ್ಲ. ಮತ್ತೆ ಅದೇ ಪಂಪು ಕಂಪನಿ.

ಅವರು ಬರುವುದಕ್ಕೆ ಕೆಲವು ದಿನ ಮುಂಚೆ, ಗೇಟಿನ ಬಳಿ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತು ರೇವಂತನನ್ನು ಕೇಳುತ್ತಿದ್ದುದು ಧೃತಿಯ ಕಿವಿಗೆ ಬಿತ್ತು.

"ಬೇಬಿ ಬ್ಯಾಚ್ ಯಾವಾಗ ಶುರು ಸಾರ್?"

"ಆ ತೊಟ್ಟಿ ಖಾಲಿ ಆದ ತಕ್ಷಣ ಮೇಡಂ."

ಅಷ್ಟೇ ಮಾತು. ಆದರೆ ಧೃತಿಯ ಎದೆಯೊಳಗೆ ಏನೋ ಚುಚ್ಚಿತು. 'ಓ… ನಾನು ಯಾವಾಗ ಜಾಗ ಖಾಲಿ ಮಾಡ್ತೀನಿ ಅಂತ ಕಾಯ್ತಿದಾನೆ. ಇಷ್ಟು ದಿನ ತಿರುಪು ಬಿಗಿದಿದ್ದೂ ಬೇಗ ಮುಗಿಸಿ ಕಳಿಸೋಕೆ!' ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಅವತ್ತಿನಿಂದ ಅವನ ಜೊತೆ ಮಾತು ಕಡಿಮೆ ಮಾಡಿದಳು, ಅವನು ತಂದಿಟ್ಟ ಕಾಫಿಯನ್ನು ಆರಲು ಬಿಟ್ಟಳು.

ಇತ್ತ ರೇವಂತ್, ಇವಳಿಗೆ ಪರೀಕ್ಷೆಯ ಚಿಂತೆ ಎಂದುಕೊಂಡ. ಚಿಂತೆ ಕಳೆಯಲು ಏನು ಮಾಡಲಿ ಎಂದು ಯೋಚಿಸಿದ. ಗಂಡಸರು ಯೋಚಿಸಲು ಶುರುಮಾಡಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ!

* * *

ಪದ್ಮಶ್ರೀ ಮೇಡಂ ಬಂದರು. ಕನ್ನಡಕ ಸರಿಮಾಡಿಕೊಂಡು ಕುರ್ಚಿಯಲ್ಲಿ ಕುಳಿತರು.

"ಶುರು ಮಾಡಿ."

ಧೃತಿ ಮೋಟಾರಿನ ಸ್ವಿಚ್ ಒತ್ತಿದಳು. ಹಲಗೆ ಆಡಿತು, ಅಲೆ ಎದ್ದಿತು. ಆದರೆ ಕಂಪ್ಯೂಟರಿನ ಪರದೆಯಲ್ಲಿ ಅಲೆಯೇ ಇಲ್ಲ… ಮೇಲಂಚಿಗೆ ಅಂಟಿಕೊಂಡ ಒಂದು ನೇರ ಗೆರೆ!

ತಂತಿ ಅಲುಗಾಡಿಸಿದಳು. ಅದೇ ಗೆರೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಳು. ಅದೇ ಗೆರೆ. ಹಳದಿ ಗುಂಡು ಬೇರೆ ನೀರಿನ ಮೇಲೆ ಎಂದಿಗಿಂತ ಹಗುರವಾಗಿ ಕೂತು, ಓಲಾಡುತ್ತಿತ್ತು.

"ನಿನ್ನೆ ಸಂಜೆವರೆಗೂ ಸರಿಯಾಗಿತ್ತು ಮೇಡಂ… ಒಂದು ನಿಮಿಷ…"

ಏನೋ ಹೊಳೆದು, ಬಗ್ಗಿ ತೊಟ್ಟಿಯ ನೀರಿನಲ್ಲಿ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು.

ಉಪ್ಪು!

ತಲೆಯೆತ್ತಿದರೆ ಬಾಗಿಲ ಬಳಿ ರೇವಂತ್ ನಿಂತಿದ್ದ. ಮುಖದ ತುಂಬ ನಗು. ಹಬ್ಬಕ್ಕೆ ಹೊಸಬಟ್ಟೆ ತಂದ ಗಂಡನ ಹಾಗೆ ನಿಂತಿದ್ದ.

"ಸರ್‌ಪ್ರೈಸ್! ಎಂಟು ಮೂಟೆ ಕಲ್ಲುಪ್ಪು. ಲೀಟರಿಗೆ ಇಷ್ಟು ಅಂತ ಲೆಕ್ಕ ಹಾಕಿಯೇ ಹಾಕಿದೀನಿ. ಪಂಪ್ ಓಡಿಸಿ ಪೂರ್ತಿ ಕರಗಿಸಿದೀನಿ. ಪಕ್ಕಾ ಸಮುದ್ರ!"

"ನೀವು… ನೀವು ಉಪ್ಪು ಹಾಕಿದ್ರಾ?"

"ನೀವೇ ಅಂದಿದ್ರಲ್ಲ, ಸಮುದ್ರದ ನೀರಿದ್ರೆ ಜೀವನ ಸುಲಭ ಅಂತ…"

"ಉಪ್ಪು ನೀರಲ್ಲಿ ಕರೆಂಟ್ ಎಷ್ಟೋ ಪಟ್ಟು ಜಾಸ್ತಿ ಹರಿಯುತ್ತೆ ರೀ! ನನ್ನ ತಂತಿಗಳು ಕುರುಡಾಗಿವೆ! ಬೋರ್‌ವೆಲ್ ನೀರಿಗೆ ಅಂತ ಗುಂಡಿನಿಂದ ಸೀಸದ ತೂಕ ತೆಗೆದಿದ್ದೆ, ಈಗ ಅದೂ ತಪ್ಪು! ಎಲ್ಲಾ ಹೋಯ್ತು!"

ರೇವಂತನ ನಗು ನಿಧಾನವಾಗಿ ಇಳಿಯಿತು. "ನನಗೆ ಗೊತ್ತಿರಲಿಲ್ಲ ಧೃತಿ… ಕೇಳಿದ್ದೆ, ನೀವು ಹೇಳ್ಲಿಲ್ಲ."

ಆ ಮಾತು ನಿಜವಾಗಿತ್ತು. ನಿಜವಾಗಿದ್ದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

"ಗೊತ್ತಿರಲಿಲ್ವಾ? ಬೇಬಿ ಬ್ಯಾಚಿಗೆ ತೊಟ್ಟಿ ಬೇಕಿತ್ತಲ್ಲ ನಿಮಗೆ! ಬಾಯಿ ಬಿಟ್ಟು ಹೇಳಿದ್ರೆ ಅವತ್ತೇ ಖಾಲಿ ಮಾಡ್ತಿದ್ದೆ. ಹೀಗೆ ಓಡಿಸೋ ಅಗತ್ಯ ಇರಲಿಲ್ಲ!"

ರೇವಂತ್ ತಿರುಗಿ, ಸೊಂಟದ ಮೇಲೆ ಒಂದು ಕೈಯಿಟ್ಟುಕೊಂಡು, ನಿಧಾನವಾಗಿ ನಡೆದುಹೋದ.

ಪದ್ಮಶ್ರೀ ಮೇಡಂ ಎದ್ದರು. "ನನಗೆ ನಿಮ್ಮ ಜಗಳ ಬೇಡ, ಅಳತೆ ಬೇಕು. ಜೆ.ಪಿ. ನಗರದಲ್ಲಿ ತಂಗಿ ಮನೇಲಿ ಇರ್ತೀನಿ. ನಾಳೆ ಬೆಳಗ್ಗೆ ಊರಿಗೆ ಹೋಗೋ ಮುಂಚೆ ಒಂದ್ಸಲ ಬರ್ತೀನಿ. ಆಗಲೂ ಇದೇ ಗೆರೆ ಇದ್ರೆ, ಇದನ್ನೇ ಬರೀತೀನಿ."

* * *

ಧೃತಿ ತೊಟ್ಟಿಯ ಅಂಚಿನಲ್ಲಿ ಕುಸಿದು ಕುಳಿತಳು. ನೀರು ಬದಲಿಸೋಣ ಎಂದರೆ ಬೇಸಿಗೆ, ಬೋರ್‌ವೆಲ್ ಉಸಿರು ಹಿಡಿದುಕೊಂಡು ಓಡುತ್ತಿದೆ. ಟ್ಯಾಂಕರಿನವರು ಫೋನೇ ಎತ್ತುತ್ತಿಲ್ಲ. ಇನ್ನು ಉಳಿದಿರುವುದು ಒಂದೇ ದಾರಿ. ತಂತಿಗಳನ್ನು ಉಪ್ಪು ನೀರಿಗೇ ಹೊಸದಾಗಿ ಹೊಂದಿಸಬೇಕು. ಒಬ್ಬರು ಕಂಪ್ಯೂಟರ್ ಮುಂದೆ ಕೂರಬೇಕು, ಇನ್ನೊಬ್ಬರು ತಂತಿಯನ್ನು ಗುರುತು ಗುರುತಿಗೂ ಇಳಿಸಿ ಅಲುಗಾಡದೆ ಹಿಡಿಯಬೇಕು. ಇನ್ನೊಬ್ಬರು ಯಾರು?

ಜಗಳವನ್ನೆಲ್ಲ ಹೊರಗಿನಿಂದಲೇ ಕೇಳಿಸಿಕೊಂಡಿದ್ದ ಉಮಾಮಹೇಶ್ವರಿ ಬಂದು ಪಕ್ಕದಲ್ಲಿ ನಿಂತರು. ಅವರ ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ನನ್ನ ಮಗ ದಡ್ಡ ಕಣಮ್ಮ, ಒಪ್ಪಿದೆ. ಆದ್ರೆ ನಿನ್ನನ್ನ ಓಡಿಸೋಕೆ ನೋಡಿದ ಅಂದ್ಯಲ್ಲ, ಅದು ನನಗೆ ತಡೆಯೋಕಾಗ್ಲಿಲ್ಲ."

"ಆಂಟಿ, ನಾನೇ ಕೇಳಿಸ್ಕೊಂಡೆ. ತೊಟ್ಟಿ ಖಾಲಿ ಆದ ತಕ್ಷಣ ಬೇಬಿ ಬ್ಯಾಚ್ ಅಂತ…"

"ಅರ್ಧ ಕೇಳಿಸ್ಕೊಂಡಿದೀಯ. ಆ ಹೆಂಗಸು, ಹಂಗಾದ್ರೆ ಈ ವಾರ ಖಾಲಿ ಮಾಡಿಸಿ ಅಂತ ಹಟ ಹಿಡಿದ್ಲು. ಅವರ ಕೆಲಸ ಮುಗಿಯೋವರೆಗೂ ಆಗಲ್ಲ, ಬೇಕಾದ್ರೆ ಬೇರೆ ಕಡೆ ಸೇರಿಸಿ ಅಂತ ಕಳಿಸಿದ. ಹಿಂಗೇ ಎಷ್ಟು ಜನಾನ ವಾಪಸ್ ಕಳಿಸಿದಾನೋ! ನಾನೇ ರೇಗಿದ್ರೆ, 'ಅಮ್ಮ, ಆ ಹುಡುಗಿ ಸಮುದ್ರ ನೋಡ್ಬೇಕು' ಅಂತಾನೆ."

ಧೃತಿ ಎದ್ದು ನಿಂತಳು.

"ನಿನ್ನೆ ಮೂಟೆ ಹೊತ್ತು ಹೊತ್ತು ಬೆನ್ನು ಹಿಡ್ಕೊಂಡಿದೆ. ಒಳಗೆ ಚಾಪೆ ಮೇಲೆ ಬಿದ್ಕೊಂಡಿದಾನೆ. ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರೆ. ಇಲ್ಲಿ ಉಪ್ಪು ಹಾಕಿದವನು ಮುಲಾಮು ಹಚ್ಕೊಂಡು ಮಲಗಿದಾನೆ!"

* * *

ಅವನು ನಿಜವಾಗಿಯೂ ಚಾಪೆಯ ಮೇಲೆ ಮಲಗಿದ್ದ. ಕೋಣೆಯ ತುಂಬ ಮುಲಾಮಿನ ವಾಸನೆ. ಅವಳನ್ನು ನೋಡಿ ಏಳಲು ಹೋಗಿ "ಅಮ್ಮಾ…" ಎಂದು ಮತ್ತೆ ಒರಗಿದ.

"ಏಳ್ಬೇಡಿ!" ಎಂದು ಗದರಿದಳು ಧೃತಿ. ಕ್ಷಮೆ ಕೇಳಲು ಬಂದವಳು ಗದರುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಬೇಸರವಾಯಿತು. ನೆಲದ ಮೇಲೆ ಕುಳಿತಳು.

"ಎಂಟು ಮೂಟೆ ಒಬ್ಬರೇ ಹೊತ್ರಾ?"

"ಹ್ಞೂಂ."

"ಬುದ್ಧಿ ಇದೆಯಾ ನಿಮಗೆ?"

"ಇದ್ದಿದ್ರೆ ಹೀಗಾಗ್ತಿತ್ತಾ?"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. ತಡೆದುಕೊಳ್ಳಲಿಲ್ಲ.

"ತಪ್ಪು ನಂದು ರೇವಂತ್. ನೀವು ಆ ತಂತಿ ಯಾಕೆ ಅಂತ ಕೇಳಿದಾಗ ಹೇಳಿದ್ರೆ ಇದ್ಯಾವುದೂ ಆಗ್ತಿರಲಿಲ್ಲ. ಬ್ಯಾಚ್ ವಿಷಯಾನೂ ನಿಮ್ಮನ್ನ ಕೇಳಲೇ ಇಲ್ಲ. ಎಲ್ಲರ ಮುಂದೆ ಏನೇನೋ ಅಂದುಬಿಟ್ಟೆ… ಸಾರಿ."

ಅವನು ಚಾವಣಿ ನೋಡುತ್ತಾ ಹೇಳಿದ. "ಉಪ್ಪಿಗೆ ಬೈದಿದ್ದಕ್ಕೆ ಬೇಜಾರಿಲ್ಲ. ನಿಮ್ಮನ್ನ ಕಳಿಸ್ಬೇಕು ಅಂತಿದೀನಿ ಅಂದ್ರಲ್ಲ… ಅದು ನೋವಾಯ್ತು."

ಧೃತಿ ಕಣ್ಣೊರೆಸಿಕೊಂಡಳು. ಆಮೇಲೆ, ಜೀವನದಲ್ಲಿ ಮೊದಲ ಬಾರಿಗೆ, ತಾನೇ ತಾನಾಗಿ ವಿವರಿಸತೊಡಗಿದಳು. ತಂತಿ ಹೇಗೆ ಅಳೆಯುತ್ತದೆ, ಸೀಸದ ತೂಕ ಯಾಕೆ ತೆಗೆದದ್ದು, ಈಗ ಏನೇನು ಮಾಡಬೇಕು… ಒಂದೊಂದನ್ನೂ ಬಿಡಿಸಿ ಹೇಳಿದಳು. ಅವನು ನಡುನಡುವೆ ಪ್ರಶ್ನೆ ಕೇಳಿದ. ಕೆಲವು ಶುದ್ಧ ಪೆದ್ದು ಪ್ರಶ್ನೆಗಳು. ಅವಳು ಹಲ್ಲು ಕಚ್ಚಿಕೊಂಡು ಅವಕ್ಕೂ ಉತ್ತರ ಕೊಟ್ಟಳು.

"ಅಲುಗಾಡದೆ ಹಿಡ್ಕೊಂಡು ಕೂರೋಕೆ ಒಬ್ಬರು ಬೇಕು," ಎಂದಳು ಕೊನೆಗೆ.

"ಅಲುಗಾಡೋಕೆ ನನ್ನಿಂದ ಹೇಗೂ ಆಗಲ್ಲ," ಎಂದ ರೇವಂತ್. "ಎಬ್ಬಿಸಿ."

ಮಧ್ಯಾಹ್ನವೆಲ್ಲ ಅವನು ಬೆನ್ನಿಗೆ ದಿಂಬು ಕಟ್ಟಿಸಿಕೊಂಡು, ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕಲ್ಲಿನಂತೆ ಕುಳಿತ. ಅವಳು ತಂತಿಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯೊಳಗಿನ ಬಿಡಿಭಾಗ ಬದಲಿಸಿದಳು, ಗುಂಡಿಗೆ ಸೀಸ ತುಂಬಿದಳು. "ಇನ್ನೊಂದು ಗುರುತು ಕೆಳಗೆ. ಕೆಳಗೆ ಅಂದೆ! ಅದು ಮೇಲೆ ರೀ!" "ನೀವು ನಿಂತ ಕಡೆಯಿಂದ ಕೆಳಗೆ, ನನಗೆ ಮೇಲೆ!" ಹೀಗೆ ಜಗಳವಾಡುತ್ತಾ ಆಡುತ್ತಾ, ದೀಪ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಒಂದು ಅಲೆ ಮೂಡಿತು. ಏರಿತು, ಇಳಿಯಿತು, ಮತ್ತೆ ಏರಿತು. ಇಬ್ಬರೂ ಅದನ್ನೇ ನೋಡುತ್ತಾ ಕುಳಿತರು.

* * *

ಮರುದಿನ ಪದ್ಮಶ್ರೀ ಮೇಡಂ ಒಂದಾದ ಮೇಲೊಂದು ಅಲೆ ಎಬ್ಬಿಸಲು ಹೇಳಿದರು. ಸಣ್ಣದು, ದೊಡ್ಡದು, ಬೇಗ ಬರುವುದು, ನಿಧಾನದ್ದು. ಪ್ರತಿ ಸಲವೂ ಗುಂಡು ಏರಿ ಇಳಿಯಿತು, ದಡದ ದೀಪ ಉರಿಯಿತು. ಅವರು ತಾವೂ ಬೆರಳದ್ದಿ ನೀರಿನ ರುಚಿ ನೋಡಿ ಮುಖ ಸಿಂಡರಿಸಿದರು.

"ಕಾರವಾರದ ಹತ್ತಿರ ಜಾಗ ಕೊಡಿಸ್ತೀನಿ. ಮಳೆಗಾಲ ಮುಗಿದ ಮೇಲೆ ಇಳಿಸೋಣ. ಅದಕ್ಕೆ ಮುಂಚೆ ತಯಾರಿ ಇದೆ, ಮುಂದಿನ ತಿಂಗಳೇ ಹೊರಡಿ."

ಅವರು ಹೋದ ಮೇಲೆ ಉಮಾಮಹೇಶ್ವರಿ ಸಿಹಿ ಮಾಡುತ್ತೇನೆಂದು ಒಳಗೆ ಓಡಿದರು. ತೊಟ್ಟಿಯ ಬಳಿ ಇಬ್ಬರೇ ಉಳಿದರು. ಕುಣಿದಾಡಬೇಕಿದ್ದ ಧೃತಿ ಸುಮ್ಮನೆ ನಿಂತಿದ್ದಳು. 'ಈಗ ಏನಾದರೂ ಹೇಳ್ತಾನೆ… ಈಗ ಹೇಳ್ತಾನೆ…'

"ಕಂಗ್ರಾಟ್ಸ್," ಎಂದ ರೇವಂತ್. "ಸಾಮಾನು ಪ್ಯಾಕ್ ಮಾಡೋಕೆ ಡಬ್ಬ ಬೇಕಾದ್ರೆ ಹೇಳಿ."

ಅವಳ ಸಹನೆ ಅಲ್ಲಿಗೆ ಮುಗಿಯಿತು.

"ಡಬ್ಬಾನಾ? ನಾನು ಊರು ಬಿಟ್ಟು ಹೋಗ್ತಿದೀನಿ, ನಿಮಗೆ ಡಬ್ಬದ ಚಿಂತೆನಾ?"

"ಮತ್ತೇನು ಹೇಳ್ಲಿ? ಹೋಗ್ಬೇಡಿ ಅಂದ್ರೆ ನಿಲ್ತೀರಾ?"

"ಇಲ್ಲ!"

"ಗೊತ್ತು. ಕೆಲಸ ಬಿಟ್ಟು ನೀವು ನಿಲ್ಲೋದು ನನಗೂ ಬೇಡ. ನೀವು ಇಲ್ಲಿಂದ ಹೋದ್ರೆ ಈ ತೊಟ್ಟಿ ಕಡೆ ನಾನು ಕಣ್ಣೆತ್ತಿ ನೋಡೋಕಾಗಲ್ಲ ಅನ್ನೋದೂ ಗೊತ್ತು. ಅದನ್ನ ಹೇಳಿ ನಿಮ್ಮ ಸಂತೋಷ ಯಾಕೆ ಕೆಡಿಸ್ಲಿ?"

ಧೃತಿಯ ಕಣ್ಣು ತುಂಬಿ ಬಂತು. "ದಡ್ಡ ರೀ ನೀವು! ನಿಮ್ಮನ್ನ ಬಿಟ್ಟು ಹೋಗೋದು ನನಗೆ ಇಷ್ಟ ಅಂತ ಯಾರು ಹೇಳಿದ್ರು? ನೀವಂದ್ರೆ ನನಗೆ… ಎಷ್ಟು ಇಷ್ಟ ಅಂದ್ರೆ, ಸಿಟ್ಟು ಬರುತ್ತೆ! ರಜಾ ಸಿಕ್ಕಾಗಲೆಲ್ಲ ನಾನೂ ಬರ್ಲಾ ಅಂತ ಒಂದು ಮಾತು ಕೇಳೋಕೆ ಆಗಲ್ವಾ?"

ರೇವಂತ್ ಅವಳನ್ನೇ ನೋಡಿದ. ಆ ಮುಖ ಅರಳಿತು, ಮತ್ತೆ ತಕ್ಷಣ ಬಾಡಿತು.

"ಬರ್ತೀನಿ. ಪ್ರತಿ ವಾರ ಬರ್ತೀನಿ. ಆದ್ರೆ… ಒಂದು ವಿಷಯ. ನಗಬಾರದು."

"ಏನು?"

"ನನಗೆ ಸಮುದ್ರ ಅಂದ್ರೆ ಭಯ."

ಅವಳು ಬಾಯಿ ಬಿಟ್ಟು ನೋಡಿದಳು. "ಊರಿಗೆಲ್ಲ ಈಜು ಕಲಿಸೋರಿಗೆ?"

"ಕೊಳಕ್ಕೆ ಅಂಚಿರುತ್ತೆ ಧೃತಿ. ಸುಸ್ತಾದ್ರೆ ಹಿಡ್ಕೊಳ್ಳಬಹುದು. ಅಲ್ಲಿ ಏನು ಹಿಡ್ಕೊಳ್ಳೋದು?"

ಅವಳು ನಗಲಿಲ್ಲ. ಹತ್ತಿರ ಬಂದು, ಉಪ್ಪಿನ ಮೂಟೆ ಹೊತ್ತು ಸಿಪ್ಪೆ ಎದ್ದಿದ್ದ ಅವನ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು.

"ನನ್ನನ್ನ ಹಿಡ್ಕೋ."

"ನೀವು ಬೈತೀರಲ್ಲ…"

"ಬೈತೀನಿ," ಎಂದಳು ಧೃತಿ. "ಆದ್ರೆ ಕೈ ಬಿಡಲ್ಲ."